ಕಟ್ಟಿದವನ ಬಾಕಿ

ಕಾವೇರಿಯ ದಂಡೆಯ ಮೇಲಿರುವ ನಮ್ಮ ರುದ್ರಪಟ್ಟಣ ಸಂಗೀತಗಾರರ ಊರೆಂದು ನಾಡಿಗೆಲ್ಲ ಗೊತ್ತು. ಅರಕಲಗೂಡು ತಾಲ್ಲೂಕಿನ ಈ ಪುಟ್ಟ ಊರಿನಿಂದ ಹೊರಟು ಹೆಸರು ಮಾಡಿದ ವಿದ್ವಾಂಸರನ್ನು ಎಣಿಸತೊಡಗಿದರೆ ನನಗೆ ಕೊಟ್ಟಿರುವ ವೇಳೆ ಅಷ್ಟಕ್ಕೇ ಸಾಲದು. ಅಂಥ ಊರಿನಲ್ಲಿ ಹುಟ್ಟಿಯೂ ಸ್ವರಜ್ಞಾನ ಒಲಿಯದವರು ಕೆಲವರಿದ್ದೇವೆ. ನನಗೆ ಒಲಿದದ್ದು ಕರಿಕೋಟು. ಅರಕಲಗೂಡು, ಹೊಳೆನರಸೀಪುರ, ಹಾಸನದ ನ್ಯಾಯಾಲಯಗಳಲ್ಲಿ ಬಹುಕಾಲ ಸಿವಿಲ್ ದಾವೆಗಳನ್ನು ನಡೆಸಿದವನು ನಾನು. ಆದ್ದರಿಂದ ಆಕಾಶವಾಣಿಯವರು ಮಾತನಾಡಲು ಕರೆದಾಗ ರಾಗತಾಳಗಳನ್ನು ಬಲ್ಲವರಿಗೆ ಬಿಟ್ಟು, ಬಾಕಿ ವಸೂಲಿಯ ವಿಷಯವನ್ನು ಆರಿಸಿಕೊಂಡೆ. ಅದರಲ್ಲೂ ಒಂದು ವರ್ಗದವರ ಬಾಕಿ: ಕಟ್ಟಡದ ಕೆಲಸದಲ್ಲಿ ಇನ್ನೊಬ್ಬ ಗುತ್ತಿಗೆದಾರನ ಕೈಕೆಳಗೆ ತುಂಡುಗುತ್ತಿಗೆ ಹಿಡಿದು, ಕೆಲಸ ಮುಗಿಸಿ, ಹಣಕ್ಕಾಗಿ ಅಲೆಯುವವರದು.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಹೊಳೆಯಾಚೆಯ ಹಳ್ಳಿಯ ಮೇಸ್ತ್ರಿಯೊಬ್ಬ ನಮ್ಮ ಜಗಲಿಗೆ ಬಂದು ಕುಳಿತ. ನಮ್ಮ ಹಿತ್ತಿಲ ಗೋಡೆಯನ್ನು ಕಟ್ಟಿದವನೇ ಅವನು. ಎಷ್ಟೋ ಮಳೆಗಾಲಗಳು ಕಳೆದರೂ ಆ ಗೋಡೆಯಲ್ಲಿ ಒಂದು ಬಿರುಕು ಬಂದಿಲ್ಲ. ಕೈಯಲ್ಲಿ ಬಟ್ಟೆಯಂಗಡಿಯ ಒಂದು ಚೀಲ. ಅದನ್ನು ನನ್ನ ಮುಂದೆ ಸುರುವಿದ. ಹಾಜರಿ ಬರೆದ ಎರಡು ನೋಟ್‌ಬುಕ್ಕುಗಳು, ಸಿಮೆಂಟಿನ ಚೀಟಿಗಳು, ಸಿಗರೇಟು ಪೊಟ್ಟಣದ ಒಳಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಅಳತೆಗಳು.

"ನಾಲ್ಕು ಲಕ್ಷದ ಅರವತ್ತು ಸಾವಿರ ಬರಬೇಕು ಸ್ವಾಮಿ. ಕೊಡ್ತೀನಿ ಕೊಡ್ತೀನಿ ಅಂತಲೇ ಎರಡು ವರ್ಷದ ಮೇಲೆ ನಾಲ್ಕು ತಿಂಗಳಾಯ್ತು."

ಕತೆ ಹೊಸದೇನಲ್ಲ. ಜಿಲ್ಲೆಯ ಒಂದು ಊರಿನಲ್ಲಿ ಸರ್ಕಾರದ ವಿದ್ಯಾರ್ಥಿನಿಲಯ ಕಟ್ಟಬೇಕಾಗಿತ್ತು. ಟೆಂಡರು ಹಿಡಿದವನು ದೊಡ್ಡ ಗುತ್ತಿಗೆದಾರ. ಸೆಂಟ್ರಿಂಗು, ಕಂಬಿ ಕಟ್ಟುವುದು, ಕಾಂಕ್ರೀಟು ಹಾಕುವುದು, ಗೋಡೆ, ಗಾರೆ ಇಷ್ಟನ್ನೂ ಚದರಡಿಯ ಲೆಕ್ಕದಲ್ಲಿ ಅವನು ಈ ಮೇಸ್ತ್ರಿಗೆ ಬಾಯಿಮಾತಿನಲ್ಲಿ ವಹಿಸಿದ. ಮೊದಲ ಎರಡು ಕಂತು ಸರಿಯಾಗಿ ಬಂತು. ಮೂರನೆಯದು ಅರ್ಧ ಬಂತು. ಆಮೇಲೆ "ಬಿಲ್ಲು ಪಾಸಾಗಿಲ್ಲ" ಎಂಬ ಉತ್ತರ ಬರತೊಡಗಿತು. ಕಟ್ಟಡ ಮುಗಿದು, ಉದ್ಘಾಟನೆಯಾಗಿ, ಹುಡುಗರು ಅಲ್ಲಿ ಉಂಡು ಮಲಗಿ ಓದುತ್ತಿದ್ದಾರೆ. ಆಳುಗಳ ವಾರದ ಬಟವಾಡೆಯನ್ನು ನಿಲ್ಲಿಸುವಂತಿರಲಿಲ್ಲ. ನಿಲ್ಲಿಸಿದ್ದರೆ ಮುಂದಿನ ಸೋಮವಾರ ಒಬ್ಬನೂ ಬರುತ್ತಿರಲಿಲ್ಲ. ಹೆಂಡತಿಯ ಸರ ಮಾರಿ, ಕೈಸಾಲ ಮಾಡಿ, ಅಷ್ಟೂ ಜನಕ್ಕೆ ಕೂಲಿ ಕೊಟ್ಟು ಮುಗಿಸಿದ್ದ. ಈಗ ಅವನ ಬೇಡಿಕೆ ಸರಳವಾಗಿತ್ತು.

"ಕಟ್ಟಡ ಸರ್ಕಾರದ್ದು. ಸರ್ಕಾರದ ಮೇಲೇ ಕೇಸು ಹಾಕಿಬಿಡಿ ಸ್ವಾಮಿ."

ಈ ಮಾತು ನ್ಯಾಯವಾಗಿಯೇ ಕೇಳುತ್ತದೆ. ಫಲ ಉಂಡವನು ಹಣ ಕೊಡಬೇಕಲ್ಲವೇ? ಆದರೆ ಕಾನೂನಿನ ಕಣ್ಣಿಗೆ ಕಟ್ಟಡ ಕಾಣುವುದಿಲ್ಲ, ಕರಾರು ಕಾಣುತ್ತದೆ. ಇಲಾಖೆಯೊಡನೆ ಕರಾರು ಮಾಡಿಕೊಂಡವನು ದೊಡ್ಡ ಗುತ್ತಿಗೆದಾರ. ಮೇಸ್ತ್ರಿ ಕರಾರು ಮಾಡಿಕೊಂಡದ್ದು ಆ ಗುತ್ತಿಗೆದಾರನ ಜೊತೆಗೆ ಮಾತ್ರ. ಮೇಸ್ತ್ರಿಗೂ ಇಲಾಖೆಗೂ ನಡುವೆ ಕಾನೂನು ಗುರುತಿಸುವ ಯಾವ ಎಳೆಯೂ ಇಲ್ಲ. ತುಂಡುಗುತ್ತಿಗೆದಾರನು ತನಗಿಂತ ನೇರ ಮೇಲಿನ ಮೆಟ್ಟಿಲಿನಲ್ಲಿ ನಿಂತವನನ್ನು ಕೇಳಬಹುದೇ ಹೊರತು ಅದನ್ನು ದಾಟಿ ಮಾಳಿಗೆಗೆ ಕೈಚಾಚುವಂತಿಲ್ಲ. ಇದು ಬಡ ಮೇಸ್ತ್ರಿಗಳಿಗೆ ಮಾತ್ರ ಅನ್ವಯಿಸುವ ನಿಯಮವೆಂದು ತಿಳಿಯಬಾರದು. ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಕೆಲಸವನ್ನು ಹಿಂದೂಸ್ತಾನ್ ಶಿಪ್‌ಯಾರ್ಡ್ ಹಿಡಿದು, ಅದರ ಒಂದು ಭಾಗವನ್ನು ಎಸ್ಸಾರ್ ಕಂಪನಿಗೆ ಒಳಗುತ್ತಿಗೆ ಕೊಟ್ಟಿತ್ತು. ನಿಗಮವೇ ಕೆಲವು ಸಲ ನೇರವಾಗಿ ಎಸ್ಸಾರಿಗೆ ಹಣ ಕೊಟ್ಟದ್ದೂ ಉಂಟು. ಆದರೂ 2015ರಲ್ಲಿ ಸುಪ್ರೀಂ ಕೋರ್ಟು, ಹಾಗೆ ಕೊಟ್ಟ ಮಾತ್ರಕ್ಕೆ ನಿಗಮಕ್ಕೂ ಒಳಗುತ್ತಿಗೆದಾರನಿಗೂ ಕರಾರಿನ ಸಂಬಂಧ ಹುಟ್ಟುವುದಿಲ್ಲ, ಕೊಡಬೇಕಾದವನು ಕೆಲಸ ವಹಿಸಿದವನೇ ಎಂದು ತೀರ್ಮಾನಿಸಿತು.

ಸರ್ಕಾರಿ ಕೆಲಸದಲ್ಲಿ ಇನ್ನೊಂದು ತೊಡಕು. ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಕೆಲಸವನ್ನು ಬೇರೆಯವರಿಗೆ ವಹಿಸಕೂಡದೆಂಬ ಷರತ್ತು ಟೆಂಡರಿನ ಕಾಗದಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ವಹಿಸುವುದೂ ಸಾಮಾನ್ಯವಾಗಿ ನಡೆದೇ ಇರುತ್ತದೆ. ಹೀಗಾಗಿ ಕಟ್ಟಿದವನು ಇಲಾಖೆಯ ಕಡತದಲ್ಲಿ ಎಲ್ಲಿಯೂ ಇರುವುದಿಲ್ಲ. ಅಳತೆ ಪುಸ್ತಕದಲ್ಲಿ ಅವನು ಹಾಕಿದ ಕಾಂಕ್ರೀಟಿನ ಘನ ಅಳತೆಯಿರುತ್ತದೆ, ಅವನ ಹೆಸರಿರುವುದಿಲ್ಲ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಮ್ಮ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯವಿದೆ. ಕಟ್ಟಿಸಿದವನು ಬೊಮ್ಮಣ್ಣ ದಂಡನಾಯಕ. ಅವನ ಹೆಸರು ಶಾಸನದಲ್ಲಿರುವುದು ಸಹಜ. ಆದರೆ ಗೋಡೆಯ ಒಂದು ಪಾರ್ಶ್ವದ ಮೂರ್ತಿಗಳ ಕೆಳಗೆ ಬೈಚೋಜನ ಹೆಸರು, ಇನ್ನೊಂದು ಪಾರ್ಶ್ವದಲ್ಲಿ ಮಲ್ಲಿತಮ್ಮನ ಹೆಸರು ಕೆತ್ತಿರುವುದನ್ನು ಇಂದಿಗೂ ಓದಬಹುದು. ಪಂಡಿತರು ಇದನ್ನು ಶಿಲ್ಪಿಗಳ ಅಭಿಮಾನವೆಂದು ಹೊಗಳುತ್ತಾರೆ. ಇರಬಹುದು. ಸಿವಿಲ್ ದಾವೆಗಳಲ್ಲಿ ಕೂದಲು ನರೆತ ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ, ಯಾರ ಕೆಲಸ ಯಾವುದೆಂದು ಬಟವಾಡೆಯ ಹೊತ್ತಿಗೆ ಜಗಳವಾಗದಿರಲೆಂದು ಮಾಡಿಕೊಂಡ ಏರ್ಪಾಡೂ ಇದ್ದೀತು ಎನಿಸುತ್ತದೆ.

ಇರಲಿ. ಕರಾರಿನ ಈ ಕಟ್ಟುಪಾಡಿಗೆ ಕಾನೂನೇ ಒಂದು ಅಪವಾದವನ್ನು ಮಾಡಿಕೊಟ್ಟಿದೆ, ಕೂಲಿಯವರಿಗಾಗಿ. ಗುತ್ತಿಗೆದಾರನು ಆಳುಗಳಿಗೆ ಕೂಲಿ ಕೊಡದೆ ಹೋದರೆ, ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನೇ ಅದನ್ನು ಕೊಟ್ಟು, ಆಮೇಲೆ ಗುತ್ತಿಗೆದಾರನ ಲೆಕ್ಕದಲ್ಲಿ ಹಿಡಿದುಕೊಳ್ಳಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ 21ನೇ ಕಲಮು ಹೇಳಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಆ ತತ್ತ್ವ ಉಳಿದುಕೊಂಡಿದೆ. ಅಂದರೆ ಕೂಲಿಯಾಳಿಗೆ ಮಾಳಿಗೆಯವರೆಗೂ ಏಣಿಯುಂಟು. ನಮ್ಮ ಮೇಸ್ತ್ರಿಯ ಆಳುಗಳಿಗೆ ಕೂಲಿ ಬಾಕಿಯಿದ್ದಿದ್ದರೆ ಆ ಏಣಿ ಹತ್ತಬಹುದಾಗಿತ್ತು. ಆದರೆ ಅವನು ಹೆಂಡತಿಯ ಸರ ಮಾರಿ ಕೂಲಿ ಚುಕ್ತಾ ಮಾಡಿಬಿಟ್ಟಿದ್ದ! ಪ್ರಾಮಾಣಿಕತೆಯಿಂದ ಅವನು ತೀರಿಸಿದ ಋಣವೇ ಮೇಲಕ್ಕೆ ಹೋಗುವ ಒಂದು ಬಾಗಿಲನ್ನು ಮುಚ್ಚಿತ್ತು. ಇದನ್ನು ಅವನಿಗೆ ತಿಳಿಸಿ ಹೇಳುವಾಗ ನನಗೆ ಸಂಕೋಚವಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಮಕ್ಳೂ ಉಣ್ಬೇಕಲ್ಲ ಸ್ವಾಮಿ" ಎಂದ.

ಬೇರೆ ದೇಶಗಳಲ್ಲಿ ಈ ನಡುವಿನ ಮನುಷ್ಯನನ್ನು ಇಷ್ಟು ನಿರಾಧಾರವಾಗಿ ಬಿಟ್ಟಿಲ್ಲ. ಅಮೆರಿಕದಲ್ಲಿ ವಾಷಿಂಗ್ಟನ್ ರಾಜಧಾನಿಯನ್ನು ಕಟ್ಟಲು ಹೊರಟಾಗ, ದುಡಿದವರಿಗೆ ಧೈರ್ಯ ಬರಲೆಂದು ಮೇರಿಲ್ಯಾಂಡ್ ಶಾಸನಸಭೆ 1791ರಲ್ಲಿಯೇ ಕಟ್ಟಡದ ಮೇಲೆ ಕಟ್ಟಿದವನಿಗೆ ಹಕ್ಕುಕೊಡುವ ಕಾಯ್ದೆ ಮಾಡಿತು. ಬಾಕಿ ತೀರುವವರೆಗೆ ಕಟ್ಟಡವೇ ಒತ್ತೆಯಿದ್ದಂತೆ. ಆ ಪದ್ಧತಿ ಕ್ರಮೇಣ ಆ ದೇಶದ ರಾಜ್ಯಗಳಿಗೆಲ್ಲ ಹಬ್ಬಿತು. ಇಂಗ್ಲೆಂಡಿನವರು 1996ರ ಕಾಯ್ದೆಯಿಂದ, "ನನಗೆ ಬಂದ ಮೇಲೆ ನಿನಗೆ ಕೊಡುತ್ತೇನೆ" ಎಂಬ ಷರತ್ತನ್ನು ಮೇಲಿನವನು ದಿವಾಳಿಯಾದ ಸಂದರ್ಭವೊಂದನ್ನು ಬಿಟ್ಟು ಉಳಿದಂತೆ ನಿರರ್ಥಕ ಮಾಡಿದರು. ತಕರಾರು ಬಂದರೆ 28 ದಿನಗಳೊಳಗೆ ಒಬ್ಬ ತಜ್ಞ ತಾತ್ಕಾಲಿಕ ತೀರ್ಪು ಕೊಡುವ ಏರ್ಪಾಟನ್ನೂ ಮಾಡಿದರು. ನಮ್ಮಲ್ಲಿ ರಿಪೇರಿಗೆ ಕೊಟ್ಟ ಗಡಿಯಾರವನ್ನು ಕೂಲಿ ಬರುವವರೆಗೆ ಹಿಡಿದಿಟ್ಟುಕೊಳ್ಳುವ ಹಕ್ಕು ಗಡಿಯಾರದವನಿಗೆ ಉಂಟು. ಕಟ್ಟಡ ಕಟ್ಟಿದವನಿಗೆ ಕಟ್ಟಡದ ಮೇಲೆ ಅಂಥ ಹಕ್ಕಿಲ್ಲ. ಮಣ್ಣಿಗೆ ಸೇರಿದ್ದು ಮಣ್ಣಿನ ಒಡೆಯನದು.

ಹಾಗಾದರೆ ಬರಹದ ಕರಾರೇ ಇಲ್ಲದವನ ಗತಿಯೇನು? ಇಲ್ಲಿ ಕಾನೂನು ನಾವು ಭಯಪಡುವಷ್ಟು ಕಠಿಣವಲ್ಲ. ಬಾಯಿಮಾತಿನ ಕರಾರೂ ಕರಾರೇ. ರುಜುವಾತು ಮಾಡುವುದು ಕಷ್ಟ, ಅಷ್ಟೆ. ಅದೂ ಕೈಕೊಟ್ಟರೆ 1872ರ ಕರಾರು ಕಾಯ್ದೆಯ 70ನೇ ಕಲಮು ಇದೆ. ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬನು ಇನ್ನೊಬ್ಬನಿಗಾಗಿ ನ್ಯಾಯವಾಗಿ ಒಂದು ಕೆಲಸ ಮಾಡಿ, ಆ ಇನ್ನೊಬ್ಬನು ಅದರ ಫಲವನ್ನು ಅನುಭವಿಸಿದರೆ, ಪರಿಹಾರ ಕೊಡಲೇಬೇಕೆಂಬುದು ಅದರ ಸಾರ. ಈ ಕಲಮಿನ ಬಲ ತಿಳಿಯಬೇಕಾದರೆ ಬಂಗಾಳದ ಒಂದು ಮೊಕದ್ದಮೆಯನ್ನು ನೋಡಬೇಕು. 1944ರಲ್ಲಿ ಆರಾಮಬಾಗಿನಲ್ಲಿ ಸರಬರಾಜು ಇಲಾಖೆಯ ಅಧಿಕಾರಿಗಳು ಬಿ. ಕೆ. ಮಂಡಲ್ ಎಂಬ ಸಂಸ್ಥೆಯಿಂದ ಕಚ್ಚಾ ರಸ್ತೆ, ಕಾವಲಿನ ಕೋಣೆ, ಕಚೇರಿ, ಅಡಿಗೆಮನೆ, ದಾಸ್ತಾನಿನ ಕೊಟ್ಟಿಗೆಗಳನ್ನು ಕಟ್ಟಿಸಿಕೊಂಡರು. ಬಿಲ್ಲು 19,325 ರೂಪಾಯಿ ಚಿಲ್ಲರೆ. ವಿಧಿವತ್ತಾಗಿ ಸಹಿಯಾದ ಕರಾರಿಲ್ಲವಾದ್ದರಿಂದ ಕೊಡಬೇಕಾದ್ದಿಲ್ಲ ಎಂದು ಸರ್ಕಾರ ವಾದಿಸಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಬಂದು, 1961ರ ಡಿಸೆಂಬರಿನಲ್ಲಿ ತೀರ್ಪಾಯಿತು: ಬೇಡವಾಗಿದ್ದರೆ ಆಗಲೇ ನಿರಾಕರಿಸಬಹುದಾಗಿತ್ತು, ಒಪ್ಪಿಕೊಂಡು ಉಪಯೋಗಿಸಿದ ಮೇಲೆ ಹಣ ಕೊಡಬೇಕು. ಹದಿನೇಳು ವರ್ಷ ಹಿಡಿಯಿತು ಎಂಬುದನ್ನೂ ಮರೆಯದೆ ಹೇಳಬೇಕು.

ಮೇಸ್ತ್ರಿಯ ಕಣ್ಣು ಈ ಕತೆ ಕೇಳಿ ಬೆಳಗಿತು. ಆದರೆ ಅದರಲ್ಲೊಂದು ಸೂಕ್ಷ್ಮವಿದೆ. ಮಂಡಲ್ ಸಂಸ್ಥೆಯನ್ನು ಕೆಲಸಕ್ಕೆ ಹಚ್ಚಿದವರು ಅಧಿಕಾರಿಗಳೇ. ಮೇಸ್ತ್ರಿಯನ್ನು ಹಚ್ಚಿದವನು ಗುತ್ತಿಗೆದಾರ. ಇವನು ಕೆಲಸ ಮಾಡಿದ್ದು ಗುತ್ತಿಗೆದಾರನಿಗಾಗಿ, ಇಲಾಖೆಗಾಗಿ ಅಲ್ಲ ಎಂದು ನ್ಯಾಯಾಲಯಗಳು ಹೇಳುತ್ತವೆ. ಹಾಗಾಗಿ 70ನೇ ಕಲಮು ಗುತ್ತಿಗೆದಾರನ ವಿರುದ್ಧ ಬಲವಾದ ಆಯುಧ, ಕಟ್ಟಡದ ಒಡೆಯನ ವಿರುದ್ಧ ದುರ್ಬಲವಾದದ್ದು.

ಕಾಗದವಿಲ್ಲದೆ ಕೆಲಸಕ್ಕಿಳಿಯುವುದು ಎಂಥ ಕಡೆಗೆ ಒಯ್ಯಬಲ್ಲುದೆಂಬುದಕ್ಕೆ ಬಂಗಾಳದವರೆಗೆ ಹೋಗಬೇಕಾಗಿಲ್ಲ. 2022ರ ಏಪ್ರಿಲಿನಲ್ಲಿ ಬೆಳಗಾವಿಯ ಗುತ್ತಿಗೆದಾರರೊಬ್ಬರು ಉಡುಪಿಯ ವಸತಿಗೃಹವೊಂದರಲ್ಲಿ ಪ್ರಾಣ ಬಿಟ್ಟದ್ದು ನಮಗೆಲ್ಲ ನೆನಪಿದೆ. ಹಿಂಡಲಗಾ ಗ್ರಾಮದಲ್ಲಿ ಮಾಡಿಸಿದ ರಸ್ತೆ ಕೆಲಸಗಳ ಹಣ ಬಂದಿಲ್ಲವೆಂಬುದು ಅವರ ದೂರು. ಕಾರ್ಯಾದೇಶವನ್ನೇ ಕೊಟ್ಟಿರಲಿಲ್ಲವೆಂಬುದು ಇಲಾಖೆಯ ಉತ್ತರ. ಆ ಪ್ರಕರಣದ ರಾಜಕೀಯ ನನ್ನ ವಿಷಯವಲ್ಲ. ಒಂದು ಹಾಳೆ ಕಾಗದ ಇತ್ತೇ ಇಲ್ಲವೇ ಎಂಬ ಪ್ರಶ್ನೆಯ ಮೇಲೆ ಒಂದು ಮನೆಯ ಬದುಕು ನಿಂತಿರುತ್ತದೆ ಎಂಬುದಷ್ಟನ್ನೇ ಗಮನಕ್ಕೆ ತರುತ್ತೇನೆ.

ಮತ್ತೆ ಮೇಸ್ತ್ರಿಯ ಚೀಲಕ್ಕೆ ಬರೋಣ. ನಾನು ಮೊದಲು ಕೇಳಿದ್ದು ಎಷ್ಟು ಹಣವೆಂದಲ್ಲ, ಕೆಲಸ ಎಂದು ಮುಗಿಯಿತು ಎಂದು. 1963ರ ಕಾಲಮಿತಿ ಕಾಯ್ದೆಯ ಪ್ರಕಾರ, ಹಣ ಕೊಡಲು ಇಂಥ ದಿನವೆಂದು ಗೊತ್ತುಮಾಡಿರದಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಮೂರು ವರ್ಷ ಬಹಳವೆಂದು ತೋರುತ್ತದೆ. ಆದರೆ ಯುಗಾದಿಗೆ, ದಸರೆಗೆ, ಬಿಲ್ಲು ಪಾಸಾದ ಮೇಲೆ, ಚುನಾವಣೆ ಮುಗಿದ ಮೇಲೆ ಎಂಬ ವಾಯಿದೆಗಳಲ್ಲಿ ಅದು ಹೇಗೆ ಕರಗುತ್ತದೆಂಬುದು ಅನುಭವಿಸಿದವರಿಗೇ ಗೊತ್ತು. ಬಾಯಿಮಾತಿನ ಭರವಸೆಗೆ ಗಡಿಯಾರವನ್ನು ನಿಲ್ಲಿಸುವ ಶಕ್ತಿಯಿಲ್ಲ. ಆ ಮೂರು ವರ್ಷ ಮುಗಿಯುವುದರೊಳಗೆ ಸಾಲಗಾರನು "ಇಷ್ಟು ಬಾಕಿಯಿದೆ" ಎಂದು ಬರೆದು ಸಹಿ ಹಾಕಿಕೊಟ್ಟರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಎಣಿಕೆಯಾಗುತ್ತದೆ. ನಮ್ಮವನಿಗೆ ಎಂಟು ತಿಂಗಳು ಉಳಿದಿತ್ತು. ಇನ್ನೊಂದು ಸುಗ್ಗಿ ಕಾದಿದ್ದರೆ ಆ ಚೀಲವನ್ನು ಒಲೆಗೆ ಹಾಕಬೇಕಾಗುತ್ತಿತ್ತು.

ಚೀಲದಲ್ಲಿ ರತ್ನಗಳೂ ಇದ್ದವು. ಅಳತೆಯ ಚೀಟಿಗಳಲ್ಲಿ ಹದಿಮೂರರ ಮೇಲೆ ಗುತ್ತಿಗೆದಾರನ ಸೈಟ್ ಇಂಜಿನಿಯರ್ ಮೋಟು ಸಹಿ ಹಾಕಿದ್ದ. ಬ್ಯಾಂಕಿನ ಪುಸ್ತಕದಲ್ಲಿ ಮೊದಲ ಕಂತುಗಳು ಗುತ್ತಿಗೆದಾರನ ಖಾತೆಯಿಂದ ಬಂದದ್ದು ಅಚ್ಚಾಗಿತ್ತು. ಆ ಕಂತುಗಳಲ್ಲಿ ತೆರಿಗೆ ಕಡಿತ ಮಾಡಿ ಮೇಸ್ತ್ರಿಯ ಪ್ಯಾನ್ ಸಂಖ್ಯೆಗೆ ಕಟ್ಟಿದ್ದ. ಇದು ಬಹಳ ಮುಖ್ಯ. 'ಇವನು ಯಾರೋ ನನಗೆ ಗೊತ್ತಿಲ್ಲ' ಎನ್ನುವವನು, ಇವನನ್ನು ಗುತ್ತಿಗೆಯವನೆಂದು ತಾನೇ ಆದಾಯ ತೆರಿಗೆ ಇಲಾಖೆಗೆ ತಿಳಿಸಿರುತ್ತಾನೆ! ಮೇಸ್ತ್ರಿಯ ಮಗನ ಫೋನಿನಲ್ಲಿ "ಬಿಲ್ ಆದ ತಕ್ಷಣ ಬಾಕಿ ಹಾಕ್ತೀನಿ" ಎಂಬ ಸಂದೇಶವೂ ಇತ್ತು. ಇಂಥದ್ದನ್ನು ಸಾಕ್ಷ್ಯವಾಗಿ ಹಾಜರುಪಡಿಸಬಹುದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಸೇರಿಸಬೇಕು, ಫೋನನ್ನು ಜೋಪಾನವಾಗಿಡಬೇಕು. ಆದರೆ ಸಹಿಯಿರುವ ಕಾಗದಕ್ಕೆ ಇದು ಸಮವೆಂದು ನೆಚ್ಚಿ ಮೂರು ವರ್ಷ ದಾಟಿಸುವ ಸಾಹಸವನ್ನು ನಾನು ಯಾರಿಗೂ ಹೇಳುವುದಿಲ್ಲ.

ಮುಂದಿನ ಹೆಜ್ಜೆ ನೋಟೀಸು. ನೋಟೀಸನ್ನು ಜನ ಬೆದರಿಕೆಯ ಪತ್ರವೆಂದು ತಿಳಿಯುತ್ತಾರೆ. ಅದಕ್ಕೆ ಬೇರೆಯ ಪ್ರಯೋಜನವಿದೆ. ಬಡ್ಡಿಯ ಬಗ್ಗೆ ಬರಹದ ಕರಾರಿಲ್ಲದಿದ್ದಾಗ, ಬಡ್ಡಿ ಕೇಳಿ ಬರೆದ ನೋಟೀಸಿನ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರವನ್ನು 1978ರ ಬಡ್ಡಿ ಕಾಯ್ದೆ ನ್ಯಾಯಾಲಯಕ್ಕೆ ಕೊಟ್ಟಿದೆ. ಆದ್ದರಿಂದ ನೋಟೀಸಿನಲ್ಲಿ ಅಸಲನ್ನು ಕೇಳಿ ಬಡ್ಡಿಯನ್ನು ಮರೆಯಬಾರದು. ನಮ್ಮ ನೋಟೀಸಿಗೆ ಗುತ್ತಿಗೆದಾರನು ವಕೀಲರ ಮೂಲಕ ಕೊಟ್ಟ ಉತ್ತರ ಎರಡು ಸಾಲಿನದು: ಇಲಾಖೆಯಿಂದ ಹಣ ಬಂದಿಲ್ಲ, ಬಂದ ಕೂಡಲೇ ಲೆಕ್ಕ ನೋಡಿ ತೀರಿಸಲಾಗುವುದು.

ನಿಜವಾಗಿಯೂ ಬಂದಿಲ್ಲವೇ? ಇದನ್ನು ತಿಳಿಯುವ ಉಪಾಯ 2005ರಿಂದ ಹತ್ತು ರೂಪಾಯಿಗೆ ಸಿಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದಲ್ಲಿ ಶುಲ್ಕ ಹತ್ತು ರೂಪಾಯಿ, ಒಂದೇ ವಿಷಯ, ನೂರೈವತ್ತು ಪದಗಳ ಮಿತಿ; ಮೂವತ್ತು ದಿನದೊಳಗೆ ಉತ್ತರ ಬರಬೇಕು. (ಪದಗಳ ಮಿತಿಯನ್ನು ವಿಧಿಸಿದವರು ನಮ್ಮ ಲೇಖಕರಿಗೂ ವಿಧಿಸಬಾರದೇ ಎಂದು ಕೆಲವು ಸಲ ಅನ್ನಿಸಿದ್ದುಂಟು.) ಸರ್ಕಾರದ ಮೇಲೆ ನೇರ ಹಕ್ಕಿಲ್ಲದ ಮೇಸ್ತ್ರಿಗೆ ಸರ್ಕಾರವನ್ನು ಪ್ರಶ್ನೆ ಕೇಳುವ ಹಕ್ಕಂತೂ ಇದೆ. ಆ ಕಟ್ಟಡದ ಬಿಲ್ಲುಗಳು ಯಾವ ದಿನ, ಎಷ್ಟು ಮೊತ್ತಕ್ಕೆ ಪಾವತಿಯಾದವು, ಅಳತೆ ಪುಸ್ತಕದ ಪುಟಗಳ ನಕಲು ಕೊಡಿ ಎಂದು ಕೇಳಿದೆವು. ಉತ್ತರ ಬಂತು. ಕೊನೆಯ ಬಿಲ್ಲು ಹನ್ನೊಂದು ತಿಂಗಳ ಹಿಂದೆಯೇ ಪಾವತಿಯಾಗಿತ್ತು. ಠೇವಣಿಯ ಒಂದು ಭಾಗ ಮಾತ್ರ ಇಲಾಖೆಯಲ್ಲಿ ಉಳಿದಿತ್ತು.

ಇನ್ನು ನ್ಯಾಯಾಲಯ. ಕಟ್ಟಡ ಕೆಲಸದ ಕರಾರುಗಳ ವ್ಯಾಜ್ಯ ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟದ್ದಾದರೆ 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮೊದಲು ಈ ಮೊತ್ತ ಒಂದು ಕೋಟಿ ಇತ್ತು, 2018ರಲ್ಲಿ ಇಳಿಸಿದರು. ಇಂಥ ದಾವೆಯನ್ನು, ತುರ್ತು ಆಜ್ಞೆ ಬೇಕಾಗಿರದಿದ್ದರೆ, ನೇರವಾಗಿ ಹೂಡುವಂತಿಲ್ಲ. ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮುಂದೆ ಮಧ್ಯಸ್ಥಿಕೆಗೆ ಅರ್ಜಿ ಹಾಕಬೇಕು. ಇದು ಕಡ್ಡಾಯವೆಂದು 2022ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಮಧ್ಯಸ್ಥಿಕೆಯಲ್ಲಿ ಕಳೆದ ದಿನಗಳನ್ನು ಮೂರು ವರ್ಷದ ಲೆಕ್ಕದಿಂದ ಬಿಡುತ್ತಾರೆ. ಅಲ್ಲಿ ಆದ ಒಪ್ಪಂದಕ್ಕೆ ಪಂಚಾಯ್ತಿ ತೀರ್ಪಿನ ಬಲವಿರುತ್ತದೆ. ಎದುರಾಳಿ ಬಾರದಿದ್ದರೆ ಹಾಗೆಂದು ಬರೆದುಕೊಡುತ್ತಾರೆ, ದಾವೆಯ ದಾರಿ ತೆರೆಯುತ್ತದೆ. ಮೊತ್ತ ಸಣ್ಣದಾದರೆ ತಾಲ್ಲೂಕಿನ ಸಿವಿಲ್ ನ್ಯಾಯಾಲಯವೋ ಲೋಕ ಅದಾಲತ್ತೋ ಸಾಕು. ಪರಿಶಿಷ್ಟ ಜಾತಿ ಪಂಗಡದವರಿಗೂ ಹೆಂಗಸರಿಗೂ ಆದಾಯ ಎಷ್ಟೇ ಇರಲಿ ಸರ್ಕಾರದ ಖರ್ಚಿನಲ್ಲೇ ವಕೀಲರನ್ನು ಕೊಡುತ್ತಾರೆ ಎಂಬುದನ್ನು 1987ರ ಕಾಯ್ದೆ ಹೇಳಿದ್ದರೂ ಕೇಳಲು ಬರುವವರು ಕಡಮೆ.

ಡಿಕ್ರಿ ಬಂದ ಮೇಲೆ ಹಣ ಎಲ್ಲಿಂದ ಬರಬೇಕು? ಗುತ್ತಿಗೆದಾರನ ಮನೆ ಹೆಂಡತಿಯ ಹೆಸರಿನಲ್ಲಿ, ಲಾರಿ ಭಾವಮೈದುನನ ಹೆಸರಿನಲ್ಲಿ ಇರುತ್ತದೆ. ಆದರೆ ಇಲಾಖೆಯಲ್ಲಿ ಉಳಿದ ಠೇವಣಿ ಅವನ ಹೆಸರಿನಲ್ಲೇ ಇರಬೇಕು. ಸಾಲಗಾರನಿಗೆ ಮೂರನೆಯವರಿಂದ ಬರಬೇಕಾದ ಹಣವನ್ನು ಅವರ ಕೈಯಲ್ಲೇ ಜಪ್ತಿ ಮಾಡಿಸಿ, ಅದನ್ನು ನ್ಯಾಯಾಲಯಕ್ಕೆ ಕಟ್ಟುವಂತೆ ಆಜ್ಞೆ ಪಡೆಯಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದಲ್ಲಿ ಅವಕಾಶವಿದೆ. ಮುಂಬಾಗಿಲಲ್ಲಿ ಪ್ರವೇಶವಿಲ್ಲದ ಮೇಸ್ತ್ರಿ ಇಲಾಖೆಯ ಖಜಾನೆಯನ್ನು ಮುಟ್ಟಬಹುದಾದ ಹಿಂಬಾಗಿಲು ಇದೇ.

ಬೇರೆ ದಾರಿಗಳನ್ನು ಬೇಗ ಹೇಳಿಬಿಡುತ್ತೇನೆ. ಸಣ್ಣ ಉದ್ಯಮಗಳ ಬಾಕಿಗಾಗಿ 2006ರ ಕಾಯ್ದೆಯಿದೆ. 45 ದಿನದೊಳಗೆ ಹಣ ಕೊಡದಿದ್ದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅದರ ಮಂಡಳಿಯ ತೀರ್ಪನ್ನು ಪ್ರಶ್ನಿಸುವವನು ಮುಕ್ಕಾಲು ಪಾಲು ಹಣ ಮೊದಲೇ ಕಟ್ಟಬೇಕು. ಕೇಳಲು ಬಹಳ ಚೆಂದ. ಆದರೆ ಕಟ್ಟಡದ ಗುತ್ತಿಗೆ ಇದರೊಳಗೆ ಬರುತ್ತದೆಯೇ ಎಂಬುದರಲ್ಲಿ ಹೈಕೋರ್ಟುಗಳು ಒಂದೇ ದನಿಯಲ್ಲಿ ಮಾತಾಡಿಲ್ಲ. ಬಾರದೆಂದು ಬಾಂಬೆ ಹೈಕೋರ್ಟು ಹೇಳಿದೆ. ಕೆಲಸಕ್ಕೆ ಮುಂಚೆಯೇ ನೋಂದಣಿಯಾಗಿರಬೇಕೆಂದು 2021ರಲ್ಲಿ ಹೇಳಿದ ಸುಪ್ರೀಂ ಕೋರ್ಟು 2025ರಲ್ಲಿ ಆ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಕಳುಹಿಸಿತು. ಹಾಗಿದ್ದರೂ ಉದ್ಯಮ್ ನೋಂದಣಿಗೆ ಖರ್ಚಿಲ್ಲ, ಮಾಡಿಸಿಕೊಂಡಿರುವುದು ಲೇಸು. ಕಂಪನಿಯನ್ನು ದಿವಾಳಿ ನ್ಯಾಯಮಂಡಳಿಗೆ ಎಳೆಯಬೇಕಾದರೆ ಬಾಕಿ ಒಂದು ಕೋಟಿಯಾದರೂ ಇರಬೇಕೆಂದು 2020ರಲ್ಲಿ ನಿಗದಿ ಮಾಡಿದರು. ಅದು ಮೇಸ್ತ್ರಿಗಳ ಲೋಕವಲ್ಲ. ಚೆಕ್ಕು ಕೊಟ್ಟು ಅದು ವಾಪಸಾದರೆ ಮಾತ್ರ ಮೇಸ್ತ್ರಿಯ ಕೈ ಮೇಲಾಗುತ್ತದೆ. ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟೀಸು, ಎದುರಾಳಿಗೆ 15 ದಿನದ ಗಡುವು, ಆಮೇಲೆ ಒಂದು ತಿಂಗಳೊಳಗೆ ಫಿರ್ಯಾದು. ಚೆಕ್ಕನ್ನು ಮೂರು ತಿಂಗಳು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದವರನ್ನೂ ನೋಡಿದ್ದೇನೆ. ಅಷ್ಟರಲ್ಲಿ ಅದು ಬರಿಯ ಕಾಗದವಾಗಿರುತ್ತದೆ.

ಬಹುಪಾಲು ಜನ ಮೊದಲು ಓಡುವುದು ಪೋಲೀಸು ಠಾಣೆಗೆ. ಹಣ ಕೊಡದಿರುವುದೆಲ್ಲ ಮೋಸವಲ್ಲ. ಮೊದಲ ದಿನದಿಂದಲೇ ವಂಚಿಸುವ ಉದ್ದೇಶವಿತ್ತೆಂದು ತೋರಿಸಬೇಕು. ಕಂತುಗಳನ್ನು ಕೊಟ್ಟವನ ಬಗ್ಗೆ ಅದನ್ನು ತೋರಿಸುವುದು ಕಷ್ಟ. ಠಾಣೆಯ ಬೆಂಚಿನ ಮೇಲೆ ಕಳೆದ ತಿಂಗಳುಗಳನ್ನು ಕಾಲಮಿತಿ ಕಾಯ್ದೆ ಲೆಕ್ಕದಿಂದ ಬಿಡುವುದಿಲ್ಲ.

ನಮ್ಮ ಮೇಸ್ತ್ರಿಯ ಅರ್ಜಿ ಹಾಸನದಲ್ಲಿ ಮಧ್ಯಸ್ಥಿಕೆಗೆ ಬಂತು. ಎರಡನೆಯ ದಿನ ಗುತ್ತಿಗೆದಾರ ತಾನೇ ಬಂದ. ಬಿಲ್ಲು ಪಾಸಾಗಿಲ್ಲವೆಂದು ಅವನು ಹೇಳತೊಡಗಿದಾಗ ಇಲಾಖೆಯ ಉತ್ತರದ ನಕಲನ್ನು ಮೇಜಿನ ಮೇಲಿಟ್ಟೆ. ಅವನು ಅದನ್ನು ಎರಡು ಸಲ ಓದಿದ. ಮೂರು ಲಕ್ಷದ ಎಂಬತ್ತು ಸಾವಿರಕ್ಕೆ ಒಪ್ಪಂದವಾಗಿ, ಎರಡು ಕಂತಿನಲ್ಲಿ ಹಣ ಸಂದಾಯವಾಯಿತು. ಎಂಬತ್ತು ಸಾವಿರ ಬಿಟ್ಟುಕೊಟ್ಟದ್ದು ಸರಿಯೇ ಎಂದು ನನ್ನ ಕಿರಿಯ ಸಹೋದ್ಯೋಗಿಯೊಬ್ಬರು ವಾದಿಸಿದರು. ದಾವೆ ಹೂಡಿದ್ದರೆ ಪೂರ್ತಿ ಬರುತ್ತಿತ್ತೋ ಏನೋ. ಮೇಸ್ತ್ರಿಯ ಕೈಸಾಲದ ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು ಎಂಬುದು ಅವರಿಗೆ ತಿಳಿದಿರಲಿಲ್ಲ.

ಕಳೆದ ವರ್ಷ ಅದೇ ಮೇಸ್ತ್ರಿ ಮತ್ತೆ ಜಗಲಿಗೆ ಬಂದ. ಹೊಸ ಕೆಲಸವೊಂದು ಸಿಕ್ಕಿತ್ತು. ದರ, ಅಳತೆಯ ರೀತಿ, ಹಣ ಕೊಡುವ ದಿನ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆಸಿಕೊಂಡು ಬಂದಿದ್ದ. "ಸಹಿ ಹಾಕಿ ಅಂದ್ರೆ, ನಂಬಿಕೆ ಇಲ್ದಿದ್ರೆ ಬೇರೆಯವರಿಗೆ ಕೊಡ್ತೀನಿ ಅಂತಾರೆ ಸ್ವಾಮಿ. ಕೆಲಸ ಬಿಟ್ಬಿಡ್ಲಾ? ಹುಡುಗ್ರು ಹದಿನಾಲ್ಕು ಜನ ಕಾಯ್ತಾವ್ರೆ."

ಬಿಡು ಎನ್ನಲು ನನಗೆ ಬಾಯಿ ಬರಲಿಲ್ಲ. ಅವನ ಮಗನನ್ನು ಕರೆದು, ಹಾಳೆಯಲ್ಲಿದ್ದುದನ್ನೇ ಗುತ್ತಿಗೆದಾರನ ಫೋನಿಗೆ ಸಂದೇಶವಾಗಿ ಬರೆಯಿಸಿದೆ: ಈ ದಿನ ತಾವು ಹೇಳಿದಂತೆ ಚದರಡಿಗೆ ಇಷ್ಟು ದರ, ಪ್ರತಿ ಮಾಳಿಗೆ ಮುಗಿದ ಹದಿನೈದು ದಿನಕ್ಕೆ ಹಣ, ಸೋಮವಾರ ಕೆಲಸ ಶುರು ಮಾಡುತ್ತೇವೆ, ಬದಲಾವಣೆಯಿದ್ದರೆ ತಿಳಿಸಿ. ಹುಡುಗ ಕಳುಹಿಸಿದ. ನಾವು ಮೂವರೂ ಆ ಸಣ್ಣ ಗಾಜನ್ನೇ ನೋಡುತ್ತ ಕುಳಿತೆವು. ಒಳಗಿನಿಂದ ಕಾಫಿ ಬಂತು. ಕಾಫಿ ಮುಗಿಯುವ ಹೊತ್ತಿಗೆ ಉತ್ತರವೂ ಬಂತು. ಒಂದೇ ಪದ: "ಸರಿ."

ಮೇಸ್ತ್ರಿ ಆ ಫೋನನ್ನು ಮಗನ ಕೈಯಿಂದ ತೆಗೆದುಕೊಂಡು, ಪಂಚೆಯ ಸೆರಗಿನಿಂದ ಒರೆಸಿ, ತನ್ನ ಜೇಬಿನಲ್ಲಿಟ್ಟುಕೊಂಡ.